ಮನೆಮಾತು ಯಾವುದೆಂದು ಕೇಳದೆ ಕನ್ನಡ ಪರೀಕ್ಷೆ ಕೊಡಬೇಡಿ

ತುಮಕೂರಿನ ಕಡೆಯಿಂದ ಬರೆದ ಶಿಕ್ಷಕ ಮಿತ್ರರಿಗೆ ನಮಸ್ಕಾರ. ಜೂನ್‌ನಲ್ಲಿ ನಮ್ಮ ಕಡೆಯ ಕನ್ನಡ ಮಾಧ್ಯಮ ಶಾಲೆಗಳಿಗೆ ಬಂದು ಐದರಿಂದ ಏಳನೆಯ ತರಗತಿಯ ಮಕ್ಕಳ ಓದು, ಬರಹ, ವ್ಯಾಕರಣವನ್ನು ಒರೆಗೆ ಹಚ್ಚಿ ನೋಡುತ್ತೇನೆ ಎಂದಿರಿ. ನಿಮ್ಮ ಊರಿನಲ್ಲಿ ಬಳಸುವ ಪ್ರಶ್ನೆಪತ್ರಿಕೆಯನ್ನೂ ಕಳುಹಿಸಿ, ಇದು ಕಾಸರಗೋಡಿಗೆ ಆಗುತ್ತದೆಯೇ ಎಂದು ಕೇಳಿದಿರಿ. ಪತ್ರಿಕೆ ಚೆನ್ನಾಗಿದೆ. ಆದರೆ ಇದ್ದಂತೆಯೇ ಇಲ್ಲಿ ಕೊಟ್ಟರೆ ಅದು ನಿಮ್ಮನ್ನು ದಾರಿ ತಪ್ಪಿಸುತ್ತದೆ. ಜಾಣ ಮಗು ದಡ್ಡನಂತೆ ಕಾಣುತ್ತದೆ, ನಿಜವಾಗಿ ಕಷ್ಟಪಡುತ್ತಿರುವ ಮಗು ಪಾಸಾಗಿ ಹೋಗುತ್ತದೆ. ಏಕೆ ಎಂದು ವಿವರವಾಗಿ ಬರೆಯುತ್ತೇನೆ, ಇದು ನನಗೆ ಬಹಳ ಮುಖ್ಯವಾದ ವಿಷಯ.

ಮೊದಲು ತರಗತಿಯ ಒಳಗಿನ ಸ್ಥಿತಿ. 1956ರ ನವೆಂಬರ್ 1ರಂದು ನಾವು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಕೇರಳಕ್ಕೆ ಸೇರಿದೆವು. ಚಂದ್ರಗಿರಿ ಹೊಳೆಯ ಉತ್ತರಕ್ಕೆ, ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಸುತ್ತ ಕನ್ನಡ ಮಾಧ್ಯಮ ಶಾಲೆಗಳು ಇವತ್ತಿಗೂ ಇವೆ. ಕನ್ನಡ ಮಾಧ್ಯಮ ಎಂದರೆ ಮಕ್ಕಳು ಮನೆಯಲ್ಲಿಯೂ ಕನ್ನಡ ಮಾತಾಡುತ್ತಾರೆ ಎಂದು ನೀವು ಭಾವಿಸಿದ್ದರೆ ಅದನ್ನು ಬಿಟ್ಟುಬಿಡಿ. ಒಂದೇ ಬೆಂಚಿನಲ್ಲಿ ತುಳು ಮನೆಯ ಮಗು, ಮಲಯಾಳಂ ಮನೆಯ ಮಗು, ಬ್ಯಾರಿ ಮಾತಾಡುವ ಮಗು, ಹವ್ಯಕ ಮಗು, ಕೊಂಕಣಿ ಅಥವಾ ಮರಾಟಿ ಮಗು ಕುಳಿತಿರುತ್ತವೆ. ಪುಸ್ತಕದ ಕನ್ನಡ ಇವರಲ್ಲಿ ಹೆಚ್ಚಿನವರಿಗೆ ಶಾಲೆಯಲ್ಲಿ ಕಲಿತ ಭಾಷೆ. ಇದರ ಜೊತೆಗೆ ಇಂಗ್ಲಿಷ್, ಐದನೆಯ ತರಗತಿಯಿಂದ ಹಿಂದಿ, ಕೆಲವರಿಗೆ ಸಂಸ್ಕೃತ ಅಥವಾ ಅರಬಿ. ಬಸ್ಸಿನ ಬೋರ್ಡಿನಲ್ಲಿ ಮಲಯಾಳಂ. ಹನ್ನೆರಡು ವರ್ಷದ ಮಗು ಇಷ್ಟೆಲ್ಲವನ್ನೂ ನಿಭಾಯಿಸುತ್ತಿದೆ ಎಂಬುದು ನಮಗೆ ಹೆಮ್ಮೆಯ ಸಂಗತಿ.

ಆದ್ದರಿಂದ ನಿಮ್ಮ ಪತ್ರಿಕೆಯ ತಲೆಯ ಮೇಲೆ, ಹೆಸರು ಮತ್ತು ತರಗತಿಯ ಕೆಳಗೆ, ಇನ್ನೊಂದು ಗೆರೆ ಸೇರಿಸಿ: ಮನೆಯಲ್ಲಿ ಯಾವ ಮಾತು? ಆ ಒಂದು ಉತ್ತರ ಸಿಗದೆ ತಿದ್ದಲು ಕುಳಿತುಕೊಳ್ಳಬೇಡಿ.

ಈಗ ವ್ಯಾಕರಣ. ನಿಮ್ಮ ಪತ್ರಿಕೆಯಲ್ಲಿ ಏಳು ವಿಭಕ್ತಿಗಳ ಪಟ್ಟಿ ತುಂಬಿಸಲು ಹೇಳಿದ್ದೀರಿ. ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಎಂದು ನಮ್ಮ ಮಕ್ಕಳೂ ಬಾಯಿಪಾಠ ಮಾಡಿ ಬರೆದುಬಿಡುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಇಲ್ಲಿನ ನಿಜವಾದ ತೊಡಕು ಕ್ರಿಯಾಪದದ ಕೊನೆಯಲ್ಲಿದೆ. ಮಲಯಾಳಂನಲ್ಲಿ 'ಅಚ್ಛನ್ ವನ್ನು', 'ಅಮ್ಮ ವನ್ನು', 'ಞಾನ್ ವನ್ನು'. ಬಂದವರು ಅಪ್ಪ, ಅಮ್ಮ, ನಾನು ಯಾರೇ ಆಗಲಿ ಕ್ರಿಯಾಪದ ಬದಲಾಗುವುದಿಲ್ಲ. ಆ ಮನೆಯ ಮಗು ಕನ್ನಡದಲ್ಲಿ 'ಅಮ್ಮ ಪೇಟೆಯಿಂದ ಬಂದ', 'ನಾವು ಆಟ ಆಡಿದನು' ಎಂದು ಬರೆದರೆ ಅದು ಅಜಾಗ್ರತೆಯಲ್ಲ. ಲಿಂಗ, ವಚನ, ಪುರುಷಕ್ಕೆ ತಕ್ಕಂತೆ ಕ್ರಿಯಾಪದ ಬದಲಾಗಬೇಕು ಎಂಬುದು ಅದರ ಕಿವಿಗೆ ಇನ್ನೂ ಇಳಿದಿಲ್ಲ. ತುಳು ಮನೆಯ ಮಗುವಿಗೆ ಈ ತೊಂದರೆ ಕಡಿಮೆ. 'ಆಯೆ ಬತ್ತೆ' (ಅವನು ಬಂದ), 'ಆಲ್ ಬತ್ತಲ್' (ಅವಳು ಬಂದಳು) ಎಂದು ಮನೆಯಲ್ಲಿಯೇ ಗಂಡು ಹೆಣ್ಣಿನ ವ್ಯತ್ಯಾಸ ಮಾಡಿ ಅಭ್ಯಾಸವಾಗಿರುತ್ತದೆ.

ಹವ್ಯಕ ಮಗುವಿನದು ಮತ್ತೊಂದು ಬಗೆ. ಅದರ ಮನೆಮಾತು ಕನ್ನಡವೇ, ಆದರೆ ಹೆಂಗಸರ ಬಗ್ಗೆ ಹೇಳುವಾಗ ಅಲ್ಲಿ ನಪುಂಸಕಲಿಂಗದ ರೂಪವೇ ಬರುತ್ತದೆ: 'ಅಬ್ಬೆ ಬಂತು' (ಅಮ್ಮ ಬಂದಳು), 'ಅಕ್ಕ ಹೋತು' (ಅಕ್ಕ ಹೋದಳು). ಅದರಲ್ಲಿ ಅಗೌರವದ ಸುಳಿವೂ ಇಲ್ಲ. ಆ ಮಗು ಪ್ರಬಂಧದಲ್ಲಿ 'ಅಜ್ಜಿ ಕತೆ ಹೇಳಿತು' ಎಂದು ಬರೆದಾಗ ಹೊರಗಿನವರು ನಕ್ಕದ್ದನ್ನು ನಾನು ನೋಡಿದ್ದೇನೆ. ದಯವಿಟ್ಟು ನೀವು ನಗಬೇಡಿ. ಅದೇ ಮಗುವಿಗೆ ನಡುಗನ್ನಡದ ಪದ್ಯವೊಂದನ್ನು ಕೊಟ್ಟು ನೋಡಿ. 'ಬಪ್ಪ' (ಬರುವ), 'ಹೋಪ' (ಹೋಗುವ) ಎಂಬ ರೂಪಗಳು ನಿಮ್ಮ ಊರಿನ ಮಕ್ಕಳಿಗೆ ಅರ್ಥ ಹೇಳಿಕೊಡಬೇಕಾದವು; ಈ ಮಗು ಅವನ್ನು ದಿನವೂ ಅಡುಗೆಮನೆಯಲ್ಲಿ ಕೇಳುತ್ತದೆ.

ಇನ್ನೊಂದು ವಿಷಯದಲ್ಲಿ ನಿಮ್ಮೊಡನೆ ವಾದಕ್ಕೇ ನಿಲ್ಲುತ್ತೇನೆ. ಇಲ್ಲಿನ ಮಕ್ಕಳೆಲ್ಲ 'ಟೀಚರಲ್ಲಿ ಹೇಳಿದೆ', 'ಅಪ್ಪನಲ್ಲಿ ಕೇಳಿದೆ' ಎಂದು ಬರೆಯುತ್ತಾರೆ. ನಿಮ್ಮ ಉತ್ತರಸೂಚಿಯ ಪ್ರಕಾರ 'ಟೀಚರಿಗೆ ಹೇಳಿದೆ' ಎಂದಿರಬೇಕು, ಚತುರ್ಥಿಯ ಜಾಗದಲ್ಲಿ ಸಪ್ತಮಿ ಬಂದಿದೆ ಎಂದು ಅಂಕ ಕಳೆಯುತ್ತೀರಿ. ಆದರೆ ತುಳುವಿನಲ್ಲಿ 'ಟೀಚರೆಡ ಪಂಡೆ', ಮಲಯಾಳಂನಲ್ಲಿ 'ಟೀಚರೋಡ್ ಪರಞ್ಞು'. ಎರಡರಲ್ಲಿಯೂ ಯಾರ ಬಳಿ ಮಾತಾಡಿದೆವು ಎಂದು ಹೇಳಲು ಬೇರೆಯೇ ಪ್ರತ್ಯಯವಿದೆ, ಯಾರಿಗೆ ಕೊಟ್ಟೆವು ಎಂದು ಹೇಳುವ ಚತುರ್ಥಿ ಪ್ರತ್ಯಯ ಅದಲ್ಲ. ಕರಾವಳಿಯ ಕನ್ನಡ ಆ ವ್ಯತ್ಯಾಸವನ್ನು 'ಅಲ್ಲಿ' ಹಾಕಿ ಉಳಿಸಿಕೊಂಡಿದೆ. ಶಿಷ್ಟ ಬರಹದಲ್ಲಿಯೂ 'ತಮ್ಮಲ್ಲಿ ವಿನಂತಿಸುತ್ತೇನೆ' ಎಂದು ನಾವೆಲ್ಲರೂ ಅರ್ಜಿ ಬರೆಯುತ್ತೇವಲ್ಲ? ಇದಕ್ಕೆ ಅಂಕ ಕಳೆಯಬೇಡಿ. 'ಅಮ್ಮ ಬಂದ' ಎಂಬುದನ್ನು ತಿದ್ದಲೇಬೇಕು, 'ಟೀಚರಲ್ಲಿ ಹೇಳಿದೆ' ಎಂಬುದನ್ನು ಬಿಡಬೇಕು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಪರೀಕ್ಷೆ ನಮಗೆ ಬೇಡ.

ಸಂಧಿಗೆ ವ್ಯಾಖ್ಯೆ ಬರೆಸಬೇಡಿ. ಲೋಪ, ಆಗಮ, ಆದೇಶ ಎಂಬ ಹೆಸರು ಮರೆತರೂ ಮಗು ಪದವನ್ನು ಬಿಡಿಸಬಲ್ಲದೇ ಎಂದು ನೋಡಿ. 'ಮಳೆಗಾಲದಲ್ಲಿ ಊರೆಲ್ಲ ಹೊಳೆಯಾಗುತ್ತದೆ' ಎಂಬ ಒಂದೇ ವಾಕ್ಯ ಸಾಕು. ಮಳೆ ಮತ್ತು ಕಾಲ ಸೇರಿದಾಗ ಕಕಾರ ಗಕಾರವಾಗಿದೆ. ಊರು ಮತ್ತು ಎಲ್ಲ ಸೇರಿದಾಗ ಉಕಾರ ಬಿದ್ದುಹೋಗಿದೆ. ಹೊಳೆ ಮತ್ತು ಆಗು ನಡುವೆ ಯಕಾರ ಬಂದಿದೆ. ಜೂನ್ ತಿಂಗಳಿನಲ್ಲಿ ಕಿಟಕಿಯ ಹೊರಗೆ ತೋರಿಸಿಯೇ ಪಾಠ ಮಾಡಬಹುದು.

ಬರವಣಿಗೆಯ ವಿಷಯಕ್ಕೆ ಬಂದರೆ, ಇಲ್ಲಿ ನಿಮಗೆ ಸಂತೋಷವಾಗುತ್ತದೆ. 1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ ಕೇರಳದಲ್ಲಿ ಮೊದಲು ಶುರುವಾದ ಜಿಲ್ಲೆಗಳಲ್ಲಿ ಕಾಸರಗೋಡೂ ಒಂದು. ಆಗಿನಿಂದ ಚಟುವಟಿಕೆಯ ಮೂಲಕ ಭಾಷೆ ಕಲಿಸುವ ಕ್ರಮ ಇಲ್ಲಿ ಬೇರೂರಿತು. ಮಕ್ಕಳು ದಿನಚರಿ, ಸಂಭಾಷಣೆ, ಪತ್ರ, ಕರಪತ್ರ, ಪೋಸ್ಟರ್, ಕವಿತೆಯ ಆಸ್ವಾದನೆ ಎಲ್ಲವನ್ನೂ ಹೆದರದೆ ಬರೆಯುತ್ತಾರೆ. ಮುಖ್ಯೋಪಾಧ್ಯಾಯರಿಗೆ ರಜಾ ಅರ್ಜಿ ಎಂಬ ನಿಮ್ಮ ಪ್ರಶ್ನೆ ಅವರಿಗೆ ತೀರಾ ಸಣ್ಣದು. ಅಡಿಕೆಗೆ ಕೊಳೆರೋಗ ಬಂದ ವರ್ಷ ತೋಟದವರ ಮನೆಯ ಒಂದು ದಿನ ಹೇಗಿರುತ್ತದೆ ಎಂದು ದಿನಚರಿ ಬರೆಸಿ, ಪುಟ ತುಂಬುತ್ತದೆ. ಆದರೆ ಆ ಪುಟದಲ್ಲಿ ಅಕ್ಷರದ ತಪ್ಪು ಇರುತ್ತದೆ, ಮತ್ತು ಆ ತಪ್ಪುಗಳನ್ನು ಒಟ್ಟಾಗಿ ಎಣಿಸಿ 'ಕಾಗುಣಿತ ದುರ್ಬಲ' ಎಂದು ಷರಾ ಬರೆದರೆ ಯಾರಿಗೂ ಪ್ರಯೋಜನವಿಲ್ಲ.

ಕಿವಿಯಿಂದ ಬಂದ ತಪ್ಪು, ಕಣ್ಣಿನಿಂದ ಬಂದ ತಪ್ಪು ಎಂದು ಬೇರೆ ಮಾಡಿ. ತುಳುವಿನ ಸ್ವಂತ ಪದಗಳಲ್ಲಿ ಮಹಾಪ್ರಾಣವಿಲ್ಲ, ಹಾಗಾಗಿ ತುಳು ಮನೆಯ ಮಗುವಿಗೆ 'ಭೂಮಿ' 'ಬೂಮಿ'ಯಾಗಿ, 'ಧನ' 'ದನ'ವಾಗಿ ಕೇಳಿಸುತ್ತದೆ. (ಇದು ತುಳುವರಿಗಷ್ಟೇ ಸೀಮಿತವಲ್ಲ, ನಿಮ್ಮ ಊರಿನಲ್ಲಿಯೂ ಇರಬಹುದು.) ಮಲಯಾಳಂ ಮಾತಾಡುವವರು ಗ, ಜ, ದ, ಬ ಅಕ್ಷರಗಳ ಮುಂದಿನ ಅಕಾರವನ್ನು ಎಕಾರದತ್ತ ಎಳೆಯುತ್ತಾರೆ. 'ಜನ' ಎಂಬುದು 'ಜೆನ', 'ಬಲ' ಎಂಬುದು 'ಬೆಲ', 'ಗಂಧ' ಎಂಬುದು 'ಗೆಂಧ' ಆಗಿ ಬಾಯಿಯಿಂದ ಬಂದು ಹಾಗೆಯೇ ಪುಸ್ತಕಕ್ಕೆ ಇಳಿಯುತ್ತದೆ. ಇವೆಲ್ಲ ಕಿವಿಯ ತಪ್ಪುಗಳು, ಹತ್ತು ಸಲ ಬರೆಸುವ ಶಿಕ್ಷೆಯಿಂದ ಹೋಗುವುದಿಲ್ಲ. ಜೋಡಿ ಪದಗಳನ್ನು ಜೋರಾಗಿ ಓದಿಸಿ ಕೇಳಿಸಬೇಕು: ಧನ, ದನ, ಬಲ, ಬೆಲ್ಲ. ಒತ್ತಕ್ಷರ ತಪ್ಪಾದ ಜಾಗದಲ್ಲಿ ಬರುವುದು, 'ಸೂರ್ಯ'ನಲ್ಲಿ ಅರ್ಕಾವತ್ತು ಬಿಟ್ಟುಹೋಗುವುದು, ಪ ಮತ್ತು ಷ ಬದಲಾಗುವುದು, ಇವು ಕಣ್ಣಿನವು. ಇವಕ್ಕೆ ಹೆಚ್ಚು ಓದು, ನಕಲು ಬರಹ ಸಾಕು, ಬೇಗ ಸರಿಹೋಗುತ್ತವೆ.

ಓದಿನ ಭಾಗದಲ್ಲಿ ನೀವು ಕೊಟ್ಟ ಗದ್ಯಭಾಗವನ್ನು ಬದಲಿಸಲೇಬೇಕು. ರಾಗಿ ಹೊಲ, ಕಣ, ಒಕ್ಕಣೆ, ಕೆರೆಯ ಕೋಡಿ ಬಿದ್ದದ್ದು. ಇವನ್ನು ನಮ್ಮ ಮಕ್ಕಳು ಕಂಡವರಲ್ಲ. ಮಗು ತಡೆಯಿಲ್ಲದೆ ಓದುತ್ತದೆ, ಪ್ರಶ್ನೆಗೆ ತಪ್ಪು ಉತ್ತರ ಬರೆಯುತ್ತದೆ. ತಪ್ಪಿದ್ದು ಓದಿನಲ್ಲಿಯೋ, ರಾಗಿಯ ಪರಿಚಯದಲ್ಲಿಯೋ ಎಂದು ನೀವು ಹೇಗೆ ಹೇಳುತ್ತೀರಿ? ಮೊದಲ ಸಲ ಸುರಂಗದ ಬಗ್ಗೆ ಒಂದು ಪುಟ ಕೊಡಿ. ನಮ್ಮ ಗುಡ್ಡಗಳಲ್ಲಿ ಮುರಕಲ್ಲನ್ನು (ಕೆಂಪು ಜಂಬಿಟ್ಟಿಗೆಯನ್ನು) ಅಡ್ಡಕ್ಕೆ ಕೊರೆದುಕೊಂಡು ಹೋಗಿ, ಒಬ್ಬ ಮನುಷ್ಯ ನುಗ್ಗುವಷ್ಟು ಅಗಲದ ಬಿಲದಿಂದ ಒರತೆ ನೀರನ್ನು ಹೊರಗೆ ಹರಿಸುತ್ತಾರೆ. ಪಂಪೂ ಬೇಡ, ಕರೆಂಟೂ ಬೇಡ, ನೀರು ತಾನಾಗಿ ಇಳಿದು ಕೊಳಕ್ಕೆ ಬರುತ್ತದೆ. ಎಷ್ಟೋ ಮನೆಗಳ ಕುಡಿಯುವ ನೀರು, ತೋಟದ ನೀರು ಅದೇ. ವಸ್ತು ಗೊತ್ತಿರುವುದರಿಂದ ಮಗು ತಡವರಿಸಿದರೆ ಅದು ಭಾಷೆಯ ತೊಡಕೇ ಎಂದು ಖಚಿತವಾಗುತ್ತದೆ. ರಾಗಿಯ ಗದ್ಯವನ್ನು ಆಮೇಲೆ ಕೊಡಿ, ಅಪರಿಚಿತ ವಿಷಯವನ್ನು ಊಹಿಸಿ ಓದುವ ಶಕ್ತಿ ಎಷ್ಟಿದೆ ಎಂದು ನೋಡಲು ಅದು ಒಳ್ಳೆಯದು.

ಓದಿದ್ದು ಅರ್ಥವಾಯಿತೇ ಎಂದು ತಿಳಿಯಲು ಮೊದಲು ಮನೆಮಾತಿನಲ್ಲಿ ಹೇಳಿಸಿ. ಗದ್ಯವನ್ನು ಮನಸ್ಸಿನಲ್ಲಿಯೇ ಓದಿಕೊಂಡ ಮೇಲೆ ಪುಸ್ತಕ ಮುಚ್ಚಿಸಿ, 'ನಿನ್ನ ಅಮ್ಮನಲ್ಲಿ ಇದನ್ನು ಹೇಗೆ ಹೇಳುತ್ತೀಯ, ಹಾಗೆ ಹೇಳು' ಎನ್ನಿ. ತುಳುವೋ ಮಲಯಾಳಂವೋ ಬ್ಯಾರಿಯೋ, ಆ ಮಗು ಸರಾಗವಾಗಿ, ಕ್ರಮ ತಪ್ಪದೆ ಹೇಳಿದರೆ ಓದು ಸರಿಯಾಗಿದೆ ಎಂದೇ ತಿಳಿಯಿರಿ. ಆಮೇಲೆ ಕನ್ನಡದಲ್ಲಿ ಹೇಳಲು ತಡವರಿಸಿದರೆ ಕೊರತೆ ಇರುವುದು ಮಾತು ಕಟ್ಟುವುದರಲ್ಲಿ. ಮನೆಮಾತಿನಲ್ಲಿಯೂ ಹೇಳಲಾಗದಿದ್ದರೆ ಅದು ನಿಜವಾಗಿ ಓದಿನ ಸಮಸ್ಯೆ. ಆ ಮಗುವಿನ ಪಕ್ಕದಲ್ಲಿ ನೀವು ಕುಳಿತುಕೊಳ್ಳಬೇಕು. ನಿಮಗೆ ತುಳು ಬರುವುದಿಲ್ಲ ಎಂದು ಸಂಕೋಚ ಬೇಡ, ತರಗತಿಯಲ್ಲಿ ಎರಡೂ ಬಲ್ಲ ಮಕ್ಕಳು ಧಾರಾಳವಾಗಿದ್ದಾರೆ. ಅವರನ್ನು ಕೇಳಿ ಬರೆದುಕೊಳ್ಳಿ. ಸ್ಪಷ್ಟವಾದ ಕನ್ನಡ ಕೇಳಬೇಕೆಂದಿದ್ದರೆ ಯಕ್ಷಗಾನ ಕಲಿಯುತ್ತಿರುವ ಮಗು ಯಾರು ಎಂದು ವಿಚಾರಿಸಿ. ಯಕ್ಷಗಾನ ಪ್ರಸಂಗಗಳನ್ನು ಬರೆದ ಕವಿ ಪಾರ್ತಿಸುಬ್ಬನ ಕುಂಬಳೆ ಇದು. ಮನೆಯಲ್ಲಿ ತುಳು ಮಾತ್ರ ಆಡುವ ಹುಡುಗ ತಾಳಮದ್ದಳೆಯ, ಎಂದರೆ ವೇಷ ಕುಣಿತವಿಲ್ಲದೆ ಕುಳಿತು ನಡೆಸುವ ಯಕ್ಷಗಾನದ, ಅರ್ಥಗಾರಿಕೆಯ ಮಾತು ಕೇಳಿ ಕೇಳಿ ಮಹಾಪ್ರಾಣವನ್ನೂ ಬಿಡದೆ ಮಾತಾಡುವುದನ್ನು ನೀವು ಕೇಳಬೇಕು.

ಏಳನೆಯ ತರಗತಿಯವರ ವಿಷಯದಲ್ಲಿ ಸ್ವಲ್ಪ ಅವಸರವಿದೆ. 2024-25ರಿಂದ ಕೇರಳದಲ್ಲಿ ಎಂಟನೆಯ ತರಗತಿಯ ಬರಹ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೂ ಕನಿಷ್ಠ ಶೇಕಡಾ 30 ಅಂಕ ಬೇಕು ಎಂದಾಗಿದೆ. ವಿಜ್ಞಾನವನ್ನೂ ಸಮಾಜವನ್ನೂ ನಮ್ಮ ಮಕ್ಕಳು ಕನ್ನಡದಲ್ಲಿಯೇ ಬರೆಯುವವರು. ವಾಕ್ಯ ಕಟ್ಟಲು ಬಾರದಿದ್ದರೆ ಗೊತ್ತಿದ್ದ ವಿಜ್ಞಾನವೂ ಕಾಗದಕ್ಕೆ ಬರುವುದಿಲ್ಲ. ಅದರ ಮೇಲೆ, ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಶಿಕ್ಷಕರ ನೇಮಕವಾದಾಗ ಹೆತ್ತವರೂ ಮಕ್ಕಳೂ ಬೀದಿಗಿಳಿಯಬೇಕಾದ ಪ್ರಸಂಗಗಳು ಈ ಜಿಲ್ಲೆಯಲ್ಲಿ ನಡೆದಿವೆ. ಪ್ರೌಢಶಾಲೆಯಲ್ಲಿ ಯಾರು ಸಿಗುತ್ತಾರೋ ಎಂಬ ಖಾತರಿ ಇಲ್ಲದ ಮಗುವಿಗೆ ಏಳನೆಯ ತರಗತಿ ಮುಗಿಯುವ ಮೊದಲೇ ತಾನಾಗಿ ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ ಬಂದಿರಬೇಕು. ನಿಮ್ಮನ್ನು ಇಷ್ಟು ಒತ್ತಾಯಿಸಿ ಬರೆಯುತ್ತಿರುವುದು ಅದಕ್ಕೇ.

ಬರುವ ದಿನದ ಬಗ್ಗೆ ಒಂದು ಸಲಹೆ. ಶಾಲೆ ಜೂನ್ ಆರಂಭದಲ್ಲಿ ತೆರೆಯುತ್ತದೆ, ಆದರೆ ಮೊದಲ ವಾರ ಪ್ರವೇಶೋತ್ಸವ, ಪುಸ್ತಕ ಹಂಚುವಿಕೆಯ ಗಡಿಬಿಡಿ. ಮಳೆ ಜೋರಾದರೆ ಕಲೆಕ್ಟರರು ರಜೆ ಸಾರುತ್ತಾರೆ. ಜೂನ್ 19 ಇಲ್ಲಿ ವಾಚನ ದಿನ. ಕೇರಳದ ಗ್ರಂಥಾಲಯ ಚಳವಳಿ ಕಟ್ಟಿದ ಪಿ. ಎನ್. ಪಣಿಕ್ಕರ್ ಅವರು ತೀರಿಕೊಂಡ ದಿನವದು, ಆ ವಾರ ಎಲ್ಲ ಶಾಲೆಗಳಲ್ಲಿ ಓದಿನ ಕಾರ್ಯಕ್ರಮಗಳಿರುತ್ತವೆ. ಆಗ ಬಂದರೆ ಮಕ್ಕಳ ಕೈಯಲ್ಲಿ ಹೇಗೂ ಪುಸ್ತಕವಿರುತ್ತದೆ, ಪರೀಕ್ಷೆ ಎಂಬ ಭಯವಿಲ್ಲದೆ ಓದಿಸಬಹುದು. ತಿದ್ದಿದ ಪತ್ರಿಕೆಯನ್ನು ಅದಕ್ಕೂ ಮೊದಲೇ ಕಳುಹಿಸಿ. ಸುರಂಗದ ಗದ್ಯಭಾಗವನ್ನು ನಾನೇ ಬರೆದುಕೊಡುತ್ತೇನೆ, ಐದನೆಯವರಿಗೆ ಚಿಕ್ಕದು, ಏಳನೆಯವರಿಗೆ ದೊಡ್ಡದು. ಮಂಗಳೂರಿನಿಂದ ತಲಪಾಡಿ ದಾಟಿ ಬರುವ ಬಸ್ಸಿನಲ್ಲಿ ಕುಂಬಳೆಗೆ ಬಂದು ಇಳಿಯಿರಿ, ಅಲ್ಲಿಂದ ಬದಿಯಡ್ಕಕ್ಕೆ ಬಸ್ಸುಗಳು ಸಿಗುತ್ತವೆ.