ಉಳುಕಾ, ಎಲುಬು ಮುರಿದಿದೆಯಾ? ಎಣ್ಣೆ ಹಚ್ಚುವ ಮೊದಲು ಒತ್ತಿ ನೋಡಿ

ನಿಮ್ಮ 14 ವರ್ಷದ ಮಗ ನಿನ್ನೆ ಖೋಖೋ ಆಡುವಾಗ ಕಾಲು ಮಡಚಿಕೊಂಡು ಬಿದ್ದ, ಪಾದದ ಗಂಟಿನ ಹೊರಬದಿ ಬಾತಿದೆ, ಮನೆಯ ಹಿರಿಯರು ಉಳುಕು ತೆಗೆಸೋಣ ಅಂತಿದ್ದಾರೆ, ಎಕ್ಸ್‌-ರೇ ಬೇಕಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಗದಗದಲ್ಲಿ ಹನ್ನೆರಡು ವರ್ಷ ವಾಲಿಬಾಲ್ ಆಡಿ, ಈಗ ಸಂಜೆ ಹೊತ್ತು ನಮ್ಮ ಓಣಿ ಹುಡುಗರನ್ನು ಆಡಿಸುತ್ತೇನೆ.

ಬೆಟಗೇರಿಯಲ್ಲಿ ಒಂದು ಮ್ಯಾಚ್. ಸ್ಮ್ಯಾಶ್ ಹೊಡೆದು ಇಳಿಯುವಾಗ ನೆಟ್ ಕೆಳಗೆ ಎದುರಿನವನ ಪಾದದ ಮೇಲೆ ಕಾಲಿಟ್ಟೆ. ಮನೆಗೆ ಬಂದರೆ ಅವ್ವ ಸೌಟಿನಲ್ಲಿ ಕೊಬ್ಬರಿ ಎಣ್ಣೆ ಕಾಯಿಸಿ ತಿಕ್ಕಿದಳು. ಮರುದಿನ ಉಳುಕು ತೆಗೆಯುವ ಅಜ್ಜ ಬಂದು ಬೆರಳು ಹಿಡಿದು ಎಳೆದ. ಲಟಕ್ ಅಂತು. 'ಹಾಂ, ಕೂತಿತು ನೋಡು' ಅಂತ ಎಲ್ಲರಿಗೂ ಸಮಾಧಾನ, ನನಗೊಬ್ಬನಿಗೆ ಕಣ್ಣಲ್ಲಿ ನೀರು. ಒಂಬತ್ತು ದಿನ ಕುಂಟಿ ಕೊನೆಗೆ ಎಕ್ಸ್‌-ರೇ ತೆಗೆಸಿದರೆ ಕಿರುಬೆರಳಿನ ಹಿಂದಿನ ಉದ್ದ ಎಲುಬು ಬುಡದಲ್ಲೇ ಮುರಿದಿತ್ತು.

ಬಾವು ನೋಡಿ ತೀರ್ಮಾನ ಮಾಡಬೇಡಿ. ಬರೀ ಉಳುಕಿಗೂ ಕಾಲು ಬದನೆಕಾಯಿ ಬಣ್ಣಕ್ಕೆ ತಿರುಗುತ್ತದೆ. ಎಕ್ಸ್‌-ರೇ ಯಾರಿಗೆ ಬೇಕು ಅನ್ನೋದಕ್ಕೆ ಕೆನಡಾದ ಒಟ್ಟಾವಾ ಡಾಕ್ಟರುಗಳು 1992ರಲ್ಲಿ ಒಂದು ಸರಳ ಪರೀಕ್ಷೆ ಕೊಟ್ಟಿದ್ದಾರೆ. ಗಂಟಿನ ಎರಡೂ ಬದಿ ಉಬ್ಬಿರುವ ಎಲುಬಿನ ತುದಿಯನ್ನೂ, ಅದರ ಹಿಂದಿನ ಅಂಚನ್ನು ಮೇಲಕ್ಕೆ 6 ಸೆಂ.ಮೀ. ತನಕವೂ ಬೆರಳಿಂದ ಒತ್ತಿ. ಆಮೇಲೆ ಪಾದದ ಹೊರ ಅಂಚಿನ ನಡುವೆ ಸಿಗುವ ಉಬ್ಬು (ನನ್ನದು ಮುರಿದಿದ್ದು ಅಲ್ಲೇ), ಒಳಬದಿಯಲ್ಲಿ ಪಾದದ ಕಮಾನಿನ ಮೇಲಿನ ಎಲುಬು. ಎಲುಬಿನ ಮೇಲೇ ನೋವಿದ್ದರೆ, ಅಥವಾ ಬಿದ್ದಾಗಲೂ ಈಗಲೂ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ ಎಕ್ಸ್‌-ರೇ ಬೇಕು. ಕುಂಟಿದರೂ ನಡೆದ ಲೆಕ್ಕವೇ. ಉಳುಕಿನ ನೋವು ಸಾಮಾನ್ಯವಾಗಿ ಹೊರ ಎಲುಬಿನ ಸ್ವಲ್ಪ ಮುಂದೆ, ಕೆಳಗೆ, ಮೆತ್ತಗಿರುವ ಜಾಗದಲ್ಲಿರುತ್ತದೆ.

ಆದರೆ ನಿಮ್ಮ ಹುಡುಗ ಬೆಳೆಯುವ ವಯಸ್ಸಿನವನು. ಎಲುಬಿನ ತುದಿಯಲ್ಲಿ ಬೆಳೆಯುವ ಭಾಗ ಇನ್ನೂ ಗಟ್ಟಿಯಾಗಿರುವುದಿಲ್ಲ. ದೊಡ್ಡವರಿಗೆ ಉಳುಕಾಗುವ ಪೆಟ್ಟು ಮಕ್ಕಳಲ್ಲಿ ಆ ಜಾಗಕ್ಕೇ ಬೀಳಬಹುದು. ಅನುಮಾನ ಇದ್ದರೆ ತೋರಿಸಿಬಿಡಿ. ಕಾಲು ಸೊಟ್ಟಗಾಗಿದ್ದರೆ, ಬೆರಳು ತಣ್ಣಗಾಗಿದ್ದರೆ, ಜೋಮು ಹಿಡಿದಿದ್ದರೆ ಈ ಪರೀಕ್ಷೆ ಗಿರೀಕ್ಷೆ ಏನೂ ಬೇಡ, ಸೀದಾ ಆಸ್ಪತ್ರೆಗೆ ಹೋಗಿ.

ಮೊದಲ ಎರಡು ಮೂರು ದಿನ ತಿಕ್ಕುವುದು, ಶಾಖ ಕೊಡುವುದು, ಎಳೆಯುವುದು ಬೇಡವೇ ಬೇಡ. ಒಳಗೆ ರಕ್ತ ಸೋರುತ್ತಿರುವಾಗ ತಿಕ್ಕಿದರೆ ಬಾವು ಜಾಸ್ತಿಯಾಗುತ್ತದೆ. ಅಜ್ಜಿ ಬೇಜಾರಾದರೆ ಡಾಕ್ಟರ್ ಹೆಸರು ಹೇಳಿ ತಪ್ಪಿಸಿಕೊಳ್ಳಿ. ನಾನು ಹಾಲಿನ ಪ್ಯಾಕೆಟ್ ಫ್ರೀಜರಿನಲ್ಲಿಟ್ಟು, ಟವೆಲ್ ಸುತ್ತಿ, ಸಲಕ್ಕೆ 15 ನಿಮಿಷ ಇಡಿಸುತ್ತೇನೆ. ಐಸ್ ನೋವು ಕಡಿಮೆ ಮಾಡುತ್ತದೆ ಅಷ್ಟೆ, ಬೇಗ ವಾಸಿ ಮಾಡಲ್ಲ. ಕ್ರೇಪ್ ಬ್ಯಾಂಡೇಜ್ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತರಕ್ಕಿಡಿ.

ಬರೀ ಉಳುಕು ಅಂತಾದರೆ ತಿಂಗಳುಗಟ್ಟಲೆ ಮಲಗಿಸಬೇಡಿ. ನೋವು ತಡೆಯುವಷ್ಟು ನಡೆಯಲಿ. ಬಾವು ಇಳಿದ ಮೇಲೆ ಹಲ್ಲುಜ್ಜುವಾಗ ಆ ಒಂದೇ ಕಾಲಲ್ಲಿ ನಿಲ್ಲಿಸಿ, ಪಕ್ಕದಲ್ಲಿ ಗೋಡೆ ಇರಲಿ. ಅಲುಗಾಡದೆ ನಿಂತು, ಅದೇ ಕಾಲಲ್ಲಿ ನೋವಿಲ್ಲದೆ ಕುಪ್ಪಳಿಸುವ ತನಕ ಖೋಖೋಗೆ ಬಿಡಬೇಡಿ, ಅವನು ಎಷ್ಟೇ ಹಟ ಮಾಡಲಿ.