ಧೋನಿ ನಿವೃತ್ತಿ ವಿಷಯ ಪ್ರತಿ ವರ್ಷ ಹೀಗೆ ಎಳೆದಾಡುತ್ತಿದ್ದರೆ ಅವರ ಅಭಿಮಾನಿಗಳಿಗೆ ಬೇಸರ ಆಗಲ್ವಾ?

ಆಗುತ್ತೆ. ತುಂಬಾ ಆಗುತ್ತೆ. ಈ ಪ್ರಶ್ನೆಗೆ ಅವರನ್ನು ಇಷ್ಟಪಡದವರೇ ಜಾಸ್ತಿ ಉತ್ತರ ಬರೆಯುತ್ತಾರೆ. ನಾನು ಅಭಿಮಾನಿ, ಅದಕ್ಕೇ ಬರೆಯುತ್ತಿದ್ದೇನೆ.

2005ರ ಅಕ್ಟೋಬರ್ ಕೊನೆಯಲ್ಲಿ ಜೈಪುರದಲ್ಲಿ ಶ್ರೀಲಂಕಾ ವಿರುದ್ಧ ಅವರು ಔಟಾಗದೆ 183 ಹೊಡೆದರಲ್ಲ, ಆಗ ನಾನು ಪಿಯುಸಿಯಲ್ಲಿದ್ದೆ. ಆ ಉದ್ದ ಕೂದಲಿನ ಹುಡುಗನನ್ನು ಅವತ್ತು ಹಿಡಿದುಕೊಂಡವನು ಇನ್ನೂ ಬಿಟ್ಟಿಲ್ಲ. ನಮ್ಮದು ಬಂಗಾರಪೇಟೆ. ಬೆಳಗ್ಗೆ ಲಾಲ್‌ಬಾಗ್ ಎಕ್ಸ್‌ಪ್ರೆಸ್ ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಚೆನ್ನೈ. ಬೆಂಗಳೂರಿನ ಆರ್‌ಸಿಬಿ ಬಿಟ್ಟು ಚೆನ್ನೈನ ಸಿಎಸ್‌ಕೆ ಯಾಕೆ ಅಂತ ಊರಲ್ಲಿ ಎಲ್ಲರೂ ಕೇಳುತ್ತಾರೆ. ಧೋನಿ ಇರೋ ಕಡೆ ನಾನು, ಅಷ್ಟೇ.

ಮೊದಲು ಒಂದು ಮಾತು. ಅವರು ಇನ್ನೂ ಆಡುತ್ತಿದ್ದಾರೆ ಅನ್ನೋದು ನನ್ನ ದೂರಲ್ಲ. 2025ರಲ್ಲಿ ನೂರ್ ಅಹಮದ್ ಎಸೆತಕ್ಕೆ ಸೂರ್ಯಕುಮಾರ್ ಅವರನ್ನು ಸ್ಟಂಪ್ ಮಾಡಿದ್ದು ನೋಡಿದಿರಾ? ಬೇಲ್ಸ್ ಹಾರಿದ ಮೇಲೆ ನಮಗೆ ಏನಾಯ್ತು ಅಂತ ಗೊತ್ತಾಗಿದ್ದು. ಅದೇ ವರ್ಷ ಏಪ್ರಿಲ್‌ನಲ್ಲಿ ಲಕ್ನೋದಲ್ಲಿ 11 ಎಸೆತಕ್ಕೆ 26 ಹೊಡೆದು ಮ್ಯಾಚ್ ಗೆಲ್ಲಿಸಿದರು. ಆಗ ಅವರಿಗೆ 43. ಪಂದ್ಯಶ್ರೇಷ್ಠ ಪ್ರಶಸ್ತಿ ಕೊಟ್ಟರೆ, ನನಗ್ಯಾಕೆ, ನೂರ್ ಚೆನ್ನಾಗಿ ಬೌಲ್ ಮಾಡಿದನಲ್ಲ ಅಂದರು. ಇಂಥ ಮನುಷ್ಯ ಆಡಬಾರದು ಅಂತ ನಾನು ಯಾವತ್ತೂ ಹೇಳಲ್ಲ.

ನನ್ನ ದೂರು ಒಂದೇ. ಒಂದು ದಿನಾಂಕ ಹೇಳಿ ಸ್ವಾಮಿ. ಇದೇ ನನ್ನ ಕೊನೇ ವರ್ಷ ಅಂತಾದರೂ ಹೇಳಿ. ಅದಿಲ್ಲದೆ 2020ರಿಂದ ನಾವು ಕ್ರಿಕೆಟ್ ನೋಡುತ್ತಿಲ್ಲ. ಪ್ರತಿ ಪಂದ್ಯಕ್ಕೂ ಬೀಳ್ಕೊಡುಗೆ ಸಮಾರಂಭಕ್ಕೆ ಹೋದ ಹಾಗೆ ಹೋಗುತ್ತಿದ್ದೇವೆ.

ಹೊರಡೋದು ಹೇಗೆ ಅಂತ ಗೊತ್ತಿಲ್ಲದ ಆಟಗಾರ ಆಗಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಇವರಿಗೆ ಚೆನ್ನಾಗಿ ಗೊತ್ತು. 2014ರ ಡಿಸೆಂಬರ್ 30, ಮೆಲ್ಬೋರ್ನ್ ಟೆಸ್ಟ್ ಡ್ರಾ ಆಯ್ತು. ಪತ್ರಿಕಾಗೋಷ್ಠಿಗೆ ಬಂದರು, ಮಾತಾಡಿದರು, ಎದ್ದು ಹೋದರು. ಸ್ವಲ್ಪ ಹೊತ್ತಿನಲ್ಲಿ ಬಿಸಿಸಿಐ ಪ್ರಕಟಣೆ ಬಂತು: ಧೋನಿ ಟೆಸ್ಟ್‌ನಿಂದ ನಿವೃತ್ತಿ. 90 ಟೆಸ್ಟ್ ಆಗಿತ್ತು. ಇನ್ನು ಹತ್ತು ಆಡಿದ್ದರೆ ನೂರು. ಆ ನೂರರ ಆಸೆಗೂ ನಿಲ್ಲಲಿಲ್ಲ. 2020ರ ಆಗಸ್ಟ್ 15ರಂದು ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ವಿಡಿಯೋ ಹಾಕಿ, ಸಂಜೆ 7.29ರಿಂದ ನಾನು ನಿವೃತ್ತ ಅಂತ ತಿಳಿದುಕೊಳ್ಳಿ ಅಂದರು. ಹಿಂದಿನ ವರ್ಷ ಮ್ಯಾಂಚೆಸ್ಟರ್‌ನಲ್ಲಿ ಗಪ್ಟಿಲ್ ಎಸೆದ ಚೆಂಡಿಗೆ ರನೌಟ್ ಆಗಿ ತಲೆ ತಗ್ಗಿಸಿ ಹೋಗಿದ್ದೇ ಕೊನೇ ಅಂತರರಾಷ್ಟ್ರೀಯ ಪಂದ್ಯ ಆಯ್ತು. ಆ ವಿಡಿಯೋ ಬಂದ ರಾತ್ರಿ ನಾನು ಅತ್ತಿದ್ದೀನಿ. ಆದರೆ ಬೆಳಗ್ಗೆ ಎದ್ದಾಗ ಮನಸ್ಸು ಹಗುರ ಆಗಿತ್ತು. ಮುಗಿಯಿತು ಅನ್ನೋದಾದರೂ ಖಾತ್ರಿ ಇತ್ತಲ್ವಾ.

ನಮ್ಮ ಕಡೆಯವರೇ ತಗೊಳ್ಳಿ. ಕುಂಬ್ಳೆ ಎಡಗೈ ಕಿರುಬೆರಳಿಗೆ 11 ಹೊಲಿಗೆ ಬಿದ್ದ ಮೇಲೆ 2008ರಲ್ಲಿ ದೆಹಲಿ ಟೆಸ್ಟ್ ನಡೆಯುತ್ತಿರುವಾಗಲೇ ಸಾಕು ಅಂದರು. ದ್ರಾವಿಡ್ 2012ರ ಮಾರ್ಚ್ 9ಕ್ಕೆ ಚಿನ್ನಸ್ವಾಮಿಯಲ್ಲಿ ಕೂತು ಹೇಳಿ ಮುಗಿಸಿದರು. ಸಚಿನ್ ಅಕ್ಟೋಬರ್‌ನಲ್ಲೇ ಹೇಳಿ ನವೆಂಬರ್‌ನಲ್ಲಿ ವಾಂಖೆಡೆಯಲ್ಲಿ ಆಡಿದರು. ದೇಶಕ್ಕೆ ದೇಶವೇ ಸಿದ್ಧವಾಗಿ ಕೂತಿತ್ತು.

ಐಪಿಎಲ್‌ನಲ್ಲಿ ಮಾತ್ರ ಬೇರೆ ಧೋನಿ. 2020ರಲ್ಲಿ ಅಬುಧಾಬಿಯಲ್ಲಿ ಟಾಸ್ ಹೊತ್ತಿಗೆ ಟಿವಿ ನಿರೂಪಕ ಡ್ಯಾನಿ ಮಾರಿಸನ್, ಹಳದಿ ಜೆರ್ಸಿಯಲ್ಲಿ ಇದೇ ಕೊನೇ ಪಂದ್ಯವಾ ಅಂತ ಕೇಳಿದರು. "ಡೆಫಿನೆಟ್ಲಿ ನಾಟ್." ನಾವು ಕುಣಿದಾಡಿದೆವು. ಆ ಎರಡು ಪದ ಎಲ್ಲರ ಸ್ಟೇಟಸ್‌ನಲ್ಲೂ ಇತ್ತು, ನನ್ನದರಲ್ಲೂ. 2021ರಲ್ಲಿ ದುಬೈನಲ್ಲಿ ಕಪ್ ಗೆದ್ದಾಗ ಹರ್ಷ ಭೋಗ್ಲೆ, ನೀವು ಬಿಟ್ಟು ಹೋಗುತ್ತಿರುವ ಪರಂಪರೆ ಅಂತ ಏನೋ ಶುರು ಮಾಡಿದರು. ನಾನಿನ್ನೂ ಬಿಟ್ಟು ಹೋಗಿಲ್ಲವಲ್ಲ ಅಂದರು ಇವರು. ಅದಾದ ಮುಂದಿನ ತಿಂಗಳು ಚೆನ್ನೈನಲ್ಲಿ ಒಂದು ಸಮಾರಂಭ. ನನ್ನ ಕೊನೇ ಟಿ20 ಚೆನ್ನೈನಲ್ಲೇ, ಅದು ಮುಂದಿನ ವರ್ಷವೋ ಐದು ವರ್ಷದ ಮೇಲೋ ಗೊತ್ತಿಲ್ಲ ಅಂದರು.

ನಮ್ಮನ್ನು ಕಟ್ಟಿಹಾಕಿದ್ದು ಆ ಮಾತು. ಚೆನ್ನೈನಲ್ಲಿ ಅಂತ ಗೊತ್ತು, ಯಾವಾಗ ಅಂತ ಗೊತ್ತಿಲ್ಲ. ಹಾಗಾದರೆ ಏನು ಮಾಡಬೇಕು? ಪ್ರತಿ ವರ್ಷ ಚೆನ್ನೈನ ಚೇಪಾಕ್ ಮೈದಾನದ ಕೊನೇ ಲೀಗ್ ಪಂದ್ಯಕ್ಕೆ ಹೋಗಬೇಕು.

2024ರ ಮೇ 12ಕ್ಕೆ ಅಕ್ಕನ ಮಗನನ್ನು ಕರೆದುಕೊಂಡು ಹೋದೆ. ರಾಜಸ್ಥಾನದ ಜೊತೆ ಮಧ್ಯಾಹ್ನ ಮೂರೂವರೆಗೆ ಮ್ಯಾಚ್. ಚೆನ್ನೈ ಮೇ ತಿಂಗಳ ಬಿಸಿಲು, ಕುರ್ಚಿ ಮುಟ್ಟಿದರೆ ಕೈ ಸುಡುತ್ತಿತ್ತು. ಹುಡುಗನಿಗೆ ಆಗ ಹತ್ತು ವರ್ಷ. ಏಳು ನಂಬರಿನ ಜೆರ್ಸಿ, ಮೊಣಕಾಲಿನವರೆಗೆ ಬರುವಷ್ಟು ದೊಡ್ಡದು. ಮುಂದಿನ ವರ್ಷಕ್ಕೂ ಆಗಲಿ ಅಂತ ಅಕ್ಕ ದೊಡ್ಡದೇ ತಂದಿದ್ದಳು. ಪಂದ್ಯ ಮುಗಿದ ಮೇಲೆ ಯಾರೂ ಹೋಗಬೇಡಿ, ಏನೋ ವಿಶೇಷ ಇದೆ ಅಂತ ಅವತ್ತು ತಂಡದವರೇ ಪೋಸ್ಟ್ ಹಾಕಿದ್ದರು. ಅಷ್ಟೇ ಸಾಕಾಯಿತು. ಸುತ್ತಮುತ್ತ ಕೂತವರ ಮುಖ ನೋಡಬೇಕಿತ್ತು. ನನ್ನ ಪಕ್ಕದಲ್ಲಿ ಅರವತ್ತರ ಆಸುಪಾಸಿನ ಒಬ್ಬರು ಕೂತಿದ್ದರು. ಮ್ಯಾಚ್ ಶುರುವಾಗುವ ಮೊದಲೇ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಗೆಲ್ಲಲು 142 ಬೇಕಿತ್ತು. ಹದಿನಾರನೇ ಓವರಿನಲ್ಲಿ ಜಡೇಜಾ ಔಟಾದರು. ಅದೂ ಅಪರೂಪದ ಔಟು. ಎರಡನೇ ರನ್ನಿಗೆ ಓಡಿ ವಾಪಸ್ ತಿರುಗಿದಾಗ ಸಂಜು ಸ್ಯಾಮ್ಸನ್ ಎಸೆದ ಚೆಂಡು ಬೆನ್ನಿಗೆ ಬಡಿಯಿತು. ಫೀಲ್ಡಿಂಗ್‌ಗೆ ಅಡ್ಡಿ ಅಂತ ಔಟ್ ಕೊಟ್ಟರು. ಜಡೇಜಾ ಅಂಪೈರ್ ಹತ್ತಿರ ವಾದ ಮಾಡುತ್ತಿದ್ದರು. ಸ್ಟೇಡಿಯಂಗೆ ಅದು ಬೇಕೇ ಇರಲಿಲ್ಲ. ಎಲ್ಲರೂ ಎದ್ದು ಡ್ರೆಸ್ಸಿಂಗ್ ರೂಮಿನ ಕಡೆ ತಿರುಗಿ ಧೋನಿ, ಧೋನಿ ಅಂತ ಕೂಗುತ್ತಿದ್ದರು. ಬಂದಿದ್ದು ಸಮೀರ್ ರಿಜ್ವಿ. ಪಾಪ, ಆ ಹುಡುಗ ಮೈದಾನಕ್ಕೆ ಕಾಲಿಡುವಾಗ ಗ್ಯಾಲರಿಯಿಂದ ಬಂದ ನಿರಾಸೆಯ ಸದ್ದು ಅವನಿಗೂ ಕೇಳಿಸಿರುತ್ತೆ.

ಸಿಎಸ್‌ಕೆ ಗೆದ್ದಿತು. ಧೋನಿ ಬ್ಯಾಟ್ ಹಿಡಿಯಲೇ ಇಲ್ಲ. ಯಾರೂ ಜಾಗ ಬಿಟ್ಟು ಕದಲಲಿಲ್ಲ. ಆಟಗಾರರು ಬಂದರು, ಮೈದಾನ ಸುತ್ತಿದರು, ಗ್ಯಾಲರಿಗೆ ಚೆಂಡು ಎಸೆದರು, ಕೈ ಬೀಸಿದರು. ಧೋನಿ ನಮ್ಮ ಸ್ಟ್ಯಾಂಡ್ ಮುಂದೆ ಬಂದಾಗ ಹುಡುಗ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. "ಮಾಮ, ಈಗ ಹೇಳ್ತಾರಾ?" ಹೇಳಲಿಲ್ಲ. ಪಕ್ಕದ ಆ ಹಿರಿಯರು ಬಹಳ ಹೊತ್ತು ಖಾಲಿ ಮೈದಾನವನ್ನೇ ನೋಡುತ್ತಾ ಕೂತಿದ್ದರು. ರಾತ್ರಿ ರೈಲಲ್ಲಿ ಹುಡುಗ ತೊಡೆ ಮೇಲೆ ಮಲಗಿ, ಮುಂದಿನ ವರ್ಷಾನೂ ಬರೋಣ ಅಲ್ವಾ ಅಂದ. ಖುಷಿಯಿಂದಲೇ ಅಂದ. ನನಗೆ ಮಾತ್ರ ಅತ್ತು ಮುಗಿಸಲು ಬಿಡದೆ ಯಾರೋ ಬಾಯಿ ಮುಚ್ಚಿಸಿದ ಹಾಗಿತ್ತು.

ಆರು ದಿನ ಬಿಟ್ಟು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಪಂದ್ಯ. ಟಿವಿಯಲ್ಲಿ ನೋಡಿದೆವು. ಗೆಲ್ಲದಿದ್ದರೂ ಪ್ಲೇಆಫ್‌ಗೆ ಹೋಗಲು 201 ಮುಟ್ಟಿದರೆ ಸಾಕಿತ್ತು. ಸ್ಯಾಂಟ್ನರ್ ಹೊಡೆದ ಚೆಂಡನ್ನು ಫಾಫ್ ಹಾರಿ ಒಂದೇ ಕೈಯಲ್ಲಿ ಹಿಡಿದರು. ನಮಗೆ ಆರನೇ ವಿಕೆಟ್ ಹೋಯ್ತು. ಹುಡುಗ ಸೋಫಾ ಮೇಲೆ ಹತ್ತಿ ಕುಣಿಯುತ್ತಿದ್ದಾನೆ! ಅಡುಗೆಮನೆಯಿಂದ ಬಂದ ಅಮ್ಮ ಅವನನ್ನೇ ನೋಡಿ, "ಔಟ್ ಆಗಿದ್ದು ನಮ್ಮವನೇ ಅಲ್ವೇನೋ? ಯಾಕೋ ಕುಣಿತೀಯ?" ಅಂದರು. "ತಲಾ ಬರ್ತಾರೆ ಅಜ್ಜಿ!" ಅಂದ ಅವನು. ತಲಾ ಅಂದರೆ ಧೋನಿ. ಅಮ್ಮನಿಗೆ ಅರ್ಥ ಆಗಲಿಲ್ಲ.

ಆ ಪಂದ್ಯದ ಕೊನೇ ಓವರ್ ನಿಮಗೂ ನೆನಪಿರುತ್ತೆ. ಆ 201ಕ್ಕೆ ಇನ್ನು 17 ಬೇಕಿತ್ತು. ಯಶ್ ದಯಾಳ್ ಮೊದಲ ಎಸೆತವನ್ನು ಧೋನಿ 110 ಮೀಟರ್ ಸಿಕ್ಸ್, ಸ್ಟೇಡಿಯಂ ಆಚೆಗೇ ಹೊಡೆದರು. ಮುಂದಿನ ಎಸೆತಕ್ಕೆ ಔಟ್. ಬ್ಯಾಟಿಗೆ ಗುದ್ದಿಕೊಂಡು ಹೊರಗೆ ನಡೆದರು. ಇದೇ ಕೊನೆ ಅಂತ ನಾವು ಮತ್ತೆ ಅಂದುಕೊಂಡೆವು. ಹುಡುಗ ಅವತ್ತು ಊಟ ಮಾಡಲಿಲ್ಲ. ಅದೂ ಕೊನೆ ಆಗಿರಲಿಲ್ಲ.

2025ರ ಏಪ್ರಿಲ್ 5ರಂದು ಅವರ ತಂದೆ ತಾಯಿ ಚೇಪಾಕ್‌ಗೆ ಬಂದರು. ಮಗನ ಆಟ ನೋಡಲು ಬಂದ ಅಪ್ಪ ಅಮ್ಮ, ಅಷ್ಟೇ. ಕ್ಯಾಮೆರಾ ಅವರ ಮೇಲೆ ನಿಂತಿದ್ದೇ ನಿಂತಿದ್ದು. ವಾಟ್ಸಾಪ್ ತುಂಬಾ ಇವತ್ತೇ, ಇವತ್ತೇ ಅಂತ ಮೆಸೇಜು. ಅವತ್ತು ದೆಹಲಿ ಪರ ನಮ್ಮ ಕೆ.ಎಲ್. ರಾಹುಲ್ 77 ಹೊಡೆದಿದ್ದರು. 2010ರ ನಂತರ ದೆಹಲಿ ಚೇಪಾಕ್‌ನಲ್ಲಿ ಗೆದ್ದ ಮೊದಲ ಪಂದ್ಯ ಅದು. ಕರ್ನಾಟಕದವನಾಗಿ ನಾನೇ ಆ ಇನಿಂಗ್ಸ್ ಸರಿಯಾಗಿ ನೋಡಲಿಲ್ಲ. ಮೊಬೈಲ್ ಹಿಡಿದುಕೊಂಡು ಸುದ್ದಿ ಬಂತಾ ಅಂತ ನೋಡುತ್ತಿದ್ದೆ. ಮಾರನೇ ದಿನ ಹೈಲೈಟ್ಸ್ ಹಾಕಿ ನೋಡುವಾಗ ನಾಚಿಕೆ ಆಯ್ತು.

ಇದೆಲ್ಲ ಒಬ್ಬರದೇ ತಪ್ಪಾ? ಅಲ್ಲ. ಟಾಸ್‌ಗೆ ಬಂದವರನ್ನು ಪ್ರತಿ ಸಲ ಕೆಣಕುವವರು ಇದ್ದಾರೆ. ಐದು ವರ್ಷ ಅಂತರರಾಷ್ಟ್ರೀಯ ಪಂದ್ಯ ಆಡದ ಭಾರತೀಯ ಆಟಗಾರನನ್ನು ಅನ್‌ಕ್ಯಾಪ್ಡ್, ಅಂದರೆ ದೇಶದ ಪರ ಆಡದವನು ಅಂತ ಲೆಕ್ಕ ಹಾಕುವ ಹಳೇ ನಿಯಮವನ್ನು ವಾಪಸ್ ತಂದರು, ಸಿಎಸ್‌ಕೆ ನಾಲ್ಕು ಕೋಟಿಗೆ ಅವರನ್ನು ಉಳಿಸಿಕೊಂಡಿತು. ನಾಯಕತ್ವ 2022ರಲ್ಲಿ ಜಡೇಜಾಗೆ ಹೋಗಿ ಎಂಟೇ ಪಂದ್ಯಕ್ಕೆ ಧೋನಿಗೆ ವಾಪಸ್ ಬಂತು. 2024ರಲ್ಲಿ ಋತುರಾಜ್‌ಗೆ ಕೊಟ್ಟರು, 2025ರಲ್ಲಿ ಋತುರಾಜ್ ಮೊಣಕೈ ಪೆಟ್ಟಾಗಿ ಹೊರಗೆ ಹೋದಾಗ ಮತ್ತೆ ಇವರೇ. ಆ ವರ್ಷ ತಂಡ ಮೊದಲ ಸಲ ಪಟ್ಟಿಯ ತಳಕ್ಕೆ ಬಿತ್ತು. ಮಂಡಿ ಮೊದಲಿನ ಹಾಗಿಲ್ಲ, ಹತ್ತು ಓವರ್ ಓಡಿ ಆಡಲು ಆಗಲ್ಲ ಅಂತ ಕೋಚ್ ಫ್ಲೆಮಿಂಗ್ ಅವರೇ ಹೇಳಿದ್ದರು. ಅದಕ್ಕೆ ಮೊದಲು ಆರ್‌ಸಿಬಿ ವಿರುದ್ಧ ಅಶ್ವಿನ್ ಆದ ಮೇಲೆ ಒಂಬತ್ತನೆಯವರಾಗಿ ಬಂದಿದ್ದರು. ಅದನ್ನು ನೋಡಿದ ದಿನ ನಾನು ಟಿವಿ ಆಫ್ ಮಾಡಿದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ.

ಅವರ ಕಡೆಯ ಮಾತೂ ಹೇಳಬೇಕು. 2023ರಲ್ಲಿ ಅಹಮದಾಬಾದ್ ಫೈನಲ್ ಮಳೆಯಿಂದ ಮಾರನೇ ದಿನಕ್ಕೆ ಹೋಗಿ, ನಡುರಾತ್ರಿ ದಾಟಿ ಮುಗಿಯಿತು. ಜಡೇಜಾ ಕೊನೇ ಎರಡು ಎಸೆತಕ್ಕೆ ಸಿಕ್ಸು, ಫೋರು ಹೊಡೆದರು. ಧೋನಿ ಅವರನ್ನು ಎತ್ತಿಕೊಂಡರು. ನಿವೃತ್ತಿ ಹೇಳಲು ಇದಕ್ಕಿಂತ ಒಳ್ಳೇ ಸಮಯ ಇಲ್ಲ, ಥ್ಯಾಂಕ್ಯೂ ಅಂದು ಹೋಗೋದು ಸುಲಭ, ಆದರೆ ನೀವು ಕೊಟ್ಟ ಪ್ರೀತಿಗೆ ಇನ್ನೊಂದು ವರ್ಷ ಆಡೋದು ನನ್ನ ಉಡುಗೊರೆ ಅನ್ನೋ ಅರ್ಥದಲ್ಲಿ ಮಾತಾಡಿದರು. ಆಮೇಲೆ ಮಂಡಿಗೆ ಆಪರೇಷನ್ ಮಾಡಿಸಿಕೊಂಡು ಬಂದು ಆಡಿದರು. ಆ ಮಾತು ನೂರಕ್ಕೆ ನೂರು ನಿಜ ಅಂತ ನಾನು ನಂಬುತ್ತೇನೆ. ಅವತ್ತು ಹೇಳಿ ಹೋಗಿದ್ದರೆ ಅಂತ ಈಗ ಅನ್ನಿಸುತ್ತೆ, ನಿಜ. ಆದರೆ ಅವತ್ತು ನನ್ನನ್ನು ಕೇಳಿದ್ದರೆ ನಾನೂ ಇರಿ ಅಂತಲೇ ಅನ್ನುತ್ತಿದ್ದೆ.

ಆ ಉಡುಗೊರೆ ಒಂದು ವರ್ಷದ್ದು. ಅಲ್ಲಿಗೆ ನಿಲ್ಲಲಿಲ್ಲ. 2025ರ ಮೇ 25ಕ್ಕೆ ಅದೇ ಅಹಮದಾಬಾದ್‌ನಲ್ಲಿ ಕೊನೇ ಪಂದ್ಯ ಮುಗಿದಾಗ, ನಾಲ್ಕೈದು ತಿಂಗಳು ಸಮಯ ಇದೆ, ರಾಂಚಿಗೆ ಹೋಗಿ ಬೈಕ್ ಓಡಿಸುತ್ತೇನೆ, ಮುಗೀತು ಅಂತಲೂ ಹೇಳಲ್ಲ, ವಾಪಸ್ ಬರುತ್ತೇನೆ ಅಂತಲೂ ಹೇಳಲ್ಲ ಅಂದರು. ಅದೇ ತಿಂಗಳು 12ಕ್ಕೆ ಕೊಹ್ಲಿ ದಿಢೀರ್ ಅಂತ ಟೆಸ್ಟ್ ಬಿಟ್ಟಿದ್ದರು. ಐದು ದಿನಕ್ಕೆ ಚಿನ್ನಸ್ವಾಮಿಯಲ್ಲಿ ಜನ ಬಿಳಿ ಜೆರ್ಸಿ ಹಾಕಿಕೊಂಡು ಬಂದರು. ಮಳೆಯಿಂದ ಒಂದು ಚೆಂಡೂ ಬೀಳಲಿಲ್ಲ, ಆದರೂ ಕೂತಿದ್ದರು. ನನ್ನ ಆರ್‌ಸಿಬಿ ಗೆಳೆಯರು ಫೋಟೋ ಕಳಿಸಿದಾಗ ನಿಜವಾಗಲೂ ಹೊಟ್ಟೆ ಉರಿಯಿತು. ಯಾತಕ್ಕೆ ಬಂದಿದ್ದೇವೆ ಅಂತ ಅವರಿಗೆ ಗೊತ್ತಿತ್ತು.

2025ರ ನವೆಂಬರ್‌ನಲ್ಲಿ ಸಿಎಸ್‌ಕೆ 2026ಕ್ಕೆ ಉಳಿಸಿಕೊಂಡವರ ಪಟ್ಟಿ ಬಂತು. ಧೋನಿ ಹೆಸರಿತ್ತು. ಜಡೇಜಾ ಹೆಸರಿರಲಿಲ್ಲ. 2012ರಲ್ಲಿ ಸೇರಿದವರನ್ನು ರಾಜಸ್ಥಾನಕ್ಕೆ ಕೊಟ್ಟು ಸಂಜು ಸ್ಯಾಮ್ಸನ್ ಅವರನ್ನು ತಂದರು. ಹುಡುಗ ಶಾಲೆಗೆ ಹೋಗುವ ಚೀಲ ಹೆಗಲಿಗೆ ಹಾಕಿಕೊಂಡೇ ನನ್ನ ಮೊಬೈಲ್‌ನಲ್ಲಿ ಸುದ್ದಿ ನೋಡಿದ. ಆ ಹಳದಿ ಜೆರ್ಸಿ ಈಗ ಅವನಿಗೆ ಸರಿಯಾಗಿ ಕೂರುತ್ತೆ, ಅಷ್ಟು ಬೆಳೆದಿದ್ದಾನೆ. ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದು ಕೇಳಿದ:

"ಮಾಮ, ಜಡೇಜಾಗೆ ಯಾಕೆ ಮೈದಾನ ಸುತ್ತಿಸಲಿಲ್ಲ?"

ಅವನಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಚೇಪಾಕ್‌ನಲ್ಲಿ ಅವತ್ತು ಜಡೇಜಾ ಔಟಾದಾಗ ನಾನೂ ಎದ್ದು ನಿಂತು ಡ್ರೆಸ್ಸಿಂಗ್ ರೂಮಿನ ಕಡೆಗೇ ನೋಡುತ್ತಿದ್ದೆ.