ಬಾವಿಗೂ ಒಂದು ಹೆಪ್ಪು

ಪತ್ರ: ತೋಟದ ಪಂಪ್‌ಸೆಟ್ಟಿಗೆ ತಂದ ಡೀಸೆಲ್ ಕ್ಯಾನು ಉರುಳಿ, ಎಣ್ಣೆ ಬಾವಿಗೆ ಇಳಿದಿದೆ. ಬ್ಯಾಕ್ಟೀರಿಯಾ ತುಂಬಿದ ಮಣಿಗಳನ್ನು ಬಿಟ್ಟರೆ ಅವು ಡೀಸೆಲ್ ತಿನ್ನುತ್ತವೆ ಎಂದು ಕಾಲೇಜಿಗೆ ಹೋಗುವ ಮೊಮ್ಮಗಳು ಹೇಳುತ್ತಾಳೆ. ಹೊಲಸು ತೆಗೆಯಲು ರೋಗಾಣು ಸುರಿಯುವುದೇ? ನನಗೆ ಬ್ಲೀಚಿಂಗ್ ಪೌಡರೇ ಸಾಕೆನಿಸುತ್ತದೆ.
– ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ ತಾಲ್ಲೂಕು

ಸಂಪಾದಕರ ಉತ್ತರ: ಮೇಷ್ಟರೇ, ಯಾರೋ ಹೇಳಿದರೆಂದು ಕುಡಿಯುವ ಬಾವಿಗೆ ಏನನ್ನಾದರೂ ಸುರಿಯಬಾರದು ಎಂಬ ನಿಮ್ಮ ಅಳುಕು ಸರಿಯೇ. ಅಷ್ಟು ಒಪ್ಪಿಕೊಂಡು ನಾನು ಮೊಮ್ಮಗಳ ಪಕ್ಷ ಸೇರುತ್ತೇನೆ.

ರೋಗಾಣು ಎಂಬ ಒಂದೇ ಪದದಿಂದ ಇಡೀ ಕುಲಕ್ಕೆ ಬಹಿಷ್ಕಾರ ಹಾಕಿದ್ದೀರಿ. ನಿಮ್ಮ ಮನೆಯ ಹಾಲನ್ನು ರಾತ್ರೋರಾತ್ರಿ ಮೊಸರು ಮಾಡುವವರು ಯಾರು? ಗೊಬ್ಬರಗುಂಡಿಯಲ್ಲಿ ದರಗನ್ನು ಕೊಳೆಸುವವರು ಯಾರು? ಅದೇ ಕುಲದ ಸ್ಯೂಡೋಮೊನಾಸ್, ರೋಡೊಕಾಕಸ್ ಬಳಗದ ಕೆಲವಕ್ಕೆ ಡೀಸೆಲ್ಲೇ ಊಟ. ಆದರೆ ಬರೀ ಅನ್ನ ಸಾಲದು. ಗಾಳಿ ಬೇಕು, ನಂಚಿಕೊಳ್ಳಲು ಸಾರಜನಕ, ರಂಜಕವೂ ಬೇಕು. ಬ್ಲೀಚಿಂಗ್ ಪೌಡರ್ ಡೀಸೆಲ್ಲನ್ನು ತೆಗೆಯುವುದಿಲ್ಲ. ಡೀಸೆಲ್ ತಿನ್ನಲು ಬಂದವರನ್ನೇ ಕೊಲ್ಲುತ್ತದೆ.

ಮಣಿ ಯಾಕೆಂದರೆ, ಹರಿಯುವ ನೀರಿಗೆ ಬ್ಯಾಕ್ಟೀರಿಯಾವನ್ನು ಹಾಗೆಯೇ ಬಿಡುವುದು ಆಷಾಢದ ತುಂಗೆಗೆ ಹೆಪ್ಪು ಹಾಕಿದಂತೆ. ಕಂದು ಕಡಲಪಾಚಿಯ ಆಲ್ಜಿನೇಟ್ ಅಂಟಿನಲ್ಲಿ ಅವುಗಳನ್ನು ಕಲಸಿ, ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಹನಿಹನಿಯಾಗಿ ಬಿಟ್ಟರೆ ಬೆಂದ ಸಾಬಕ್ಕಿಯಂಥ ಮಣಿಗಳಾಗುತ್ತವೆ. ಗಾಳಿ, ನೀರು, ಕರಗಿದ ಎಣ್ಣೆ ಒಳಗೆ ಹೋಗುತ್ತವೆ. ಬ್ಯಾಕ್ಟೀರಿಯಾ ಬಹುಪಾಲು ಒಳಗೇ ಉಳಿಯುತ್ತದೆ. ವಿಷ ಒಮ್ಮೆಲೇ ಏರಿದರೂ ಮಣಿಯ ಗೋಡೆ ಸ್ವಲ್ಪ ತಡೆಯುತ್ತದೆ. ಕೆಲಸ ಮುಗಿದರೆ ಸೋಸಿ ತೆಗೆಯಬಹುದು.

ಬಂಗಾಳದ ಆನಂದಮೋಹನ ಚಕ್ರವರ್ತಿಯವರು ಅಮೆರಿಕದಲ್ಲಿ ರೂಪಿಸಿದ ಎಣ್ಣೆಬಾಕ ಬ್ಯಾಕ್ಟೀರಿಯಾ, ಪೇಟೆಂಟಿಗಾಗಿ ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋಗಿ 1980ರಲ್ಲಿ ನ್ಯಾಯಮೂರ್ತಿಗಳ 5–4 ಮತಗಳಿಂದ ಗೆದ್ದಿತು. ಅದು ನೀರಿಗೆ ಇಳಿದದ್ದಕ್ಕಿಂತ ಕೋರ್ಟು ಹತ್ತಿದ್ದೇ ಹೆಚ್ಚು ಅನ್ನಿ. ನಮ್ಮ ದೆಹಲಿಯ ಟೆರಿ ಎಂಬ ಇಂಧನ-ಸಂಪನ್ಮೂಲ ಸಂಶೋಧನಾ ಸಂಸ್ಥೆಯವರದು ಇನ್ನೂ ಸರಳ: ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳನ್ನು ಮೆಕ್ಕೆಜೋಳದ ದಿಂಡಿನ ಪುಡಿಗೆ ಹತ್ತಿಸಿದರು. ಶಿಕಾರಿಪುರದ ಕಡೆ ನಾವು ಒಲೆಗೆ ತುರುಕುವ ಅದೇ ದಿಂಡು! ಇಂಥ ವಿಷಯದ ಪ್ರಬಂಧಗಳು ವಿಶ್ವವಿದ್ಯಾಲಯಗಳ ಕಪಾಟಿನಲ್ಲಿ ಇಂಗ್ಲಿಷ್ ಹೊದ್ದು ಮಲಗಿವೆ. ಅದರ ಒಂದು ಪುಟವಾದರೂ ಕನ್ನಡದಲ್ಲಿ ತೋಟದವನ ಕೈಗೆ ಬಂದಿದ್ದರೆ ನೀವು ಈ ಪತ್ರ ಬರೆಯಬೇಕಿತ್ತೇ?

ಕಳೆದ ವರ್ಷ ಶಿವಮೊಗ್ಗದ ಗ್ಯಾರೇಜೊಂದರಲ್ಲಿ ಹುಡುಗ ಹಳೆಯ ಎಂಜಿನ್ ಆಯಿಲನ್ನು ಚರಂಡಿಗೆ ಚೆಲ್ಲುತ್ತಿದ್ದ. ಕೇಳಿದರೆ, "ಮಳೆ ತೊಳೆಯುತ್ತದೆ ಬಿಡಿ ಸರ್" ಎಂದ. ಎಲ್ಲಿಗೆ ಎಂದು ಕೇಳುವಷ್ಟರಲ್ಲಿ ಮಳೆಯೇ ಬಂತು. ಚರಂಡಿಯ ತುಂಬ ಕಾಮನಬಿಲ್ಲು, ತುಂಗೆಯ ದಿಕ್ಕಿಗೆ.

ಸದ್ಯ ಆ ನೀರು ಕುಡಿಯಬೇಡಿ, ತೇಲುವ ಎಣ್ಣೆಯನ್ನು ತೆಗೆಸಿ, ನೀರನ್ನು ಪರೀಕ್ಷೆಗೆ ಕೊಡಿ. ಮಣಿಯ ವಿಚಾರವನ್ನು ತಿಳಿದವರೊಂದಿಗೆ ಮೊಮ್ಮಗಳೇ ಮಾತಾಡಲಿ. ಮುಂದಿನ ಪತ್ರವನ್ನೂ ಅವಳೇ ಬರೆಯಲಿ, ಹಾಳೆಯ ಒಂದೇ ಬದಿಗೆ.